ಮಾಳಿಗಿಗೆ ಸುಣ್ಣ

ಡಬ್ಬಿ ಮ್ಯಾಲ ಒಂದು ಬಿಳಿ ಕರಡಿ ಇತ್ತು.
ಕೊಳ್ಳಾಗ ಕೆಂಪು ಮಫ್ಲರ್,
ಒಂದು ಕಣ್ಣು ಮುಚ್ಚಿ ನಗತಿತ್ತು.
ಸೂಪರ್ ಮಾರ್ಕೆಟ್ಟಿನ ಆ ಅಂಗಡ್ಯಾಗ
ಏಸಿ ಗಾಳಿ ಹಣಿಗೆ ಬಡದ ಕೂಡ್ಲೆ
ನನ್ನ ಬೆವರು ನನ್ನ ಮಾತು ಕೇಳೂದು ಬಿಟ್ಟಿತು.
“ತಿಂಗಳಿಗೆ ಹದಿನೆಂಟು ನೂರರಿ ಅಕ್ಕಾರ,
ಮೊದಲನೇ ಕಂತು ದೀಪಾವಳಿಗೆ” ಅಂದ ಹುಡುಗ.
ಅರ್ಜ್ಯಾಗ ಹೆಸರು ಬರದೆ,
ಓಣಿ ಶಹಾಬಜಾರ, ಊರು ಕಲಬುರಗಿ ಅಂತ ಬರದೆ.
ಸಹಿ ಹಾಕೂ ಜಾಗದಾಗ ಪೆನ್ನು ನಿಂತಿತು.

ಯಾಕ ನಿಂತಿತು ಅಂದ್ರ ದೊಡ್ಡ ಮಾತೇನಿಲ್ಲ.
ಹಿಂದಿನ ರಾತ್ರಿ ಟೀವ್ಯಾಗ ಇದೇ ಕರಡಿ ಕಂಡಿತ್ತು.
ಮಫ್ಲರ್ ಇರಲಿಲ್ಲ, ನಗು ಇರಲಿಲ್ಲ.
ಮಾಪ ತಪ್ಪಿ ಹೊಲದ ಜುಬ್ಬದಂಗ
ಚರ್ಮ ಮೈಮ್ಯಾಲ ಜೋತಿತ್ತು.
ನಾ ಟೇಲರ್.
ಅರಿವಿ ಎಷ್ಟು ಸಡಿಲದ ನೋಡಿ
ಒಳಗಿನ ಮೈ ಎಷ್ಟು ಇಳದದ ಅಂತ
ಟೇಪು ಹಿಡೀದೇ ಹೇಳ್ತೀನಿ.

“ವಿಚಾರ ಮಾಡಿ ಬರ್ತೀನಿ” ಅಂತ ಹೊರಗ ಬಂದೆ.
ಬಾಗಲದಾಗೇ ನಿಂತಿತ್ತು ನಲವತ್ನಾಲ್ಕು ಡಿಗ್ರಿ,
ಬಾಕಿ ವಸೂಲಿಗೆ ಬಂದವರಂಗ.

ಮನಿಯವರು ಬ್ಯಾಳಿ ಮಿಲ್ಲಿನಿಂದ ಬಂದ್ರು,
ಹುಬ್ಬಿನ ತುಂಬಾ ತೊಗರಿ ಧೂಳು.
“ಎಲ್ಲದ ಏಸಿ?”
ನಾ ಹೇಳಿದೆ: ಇಲ್ಲಿ ಗುಂಡಿ ಒತ್ತಿದ್ರ
ರಾಯಚೂರಾಗ ಕಲ್ಲಿದ್ದಲಿ ಉರೀತದ,
ಆ ಹೊಗಿ ಎಲ್ಲೋ ಹೋಗಿ
ಯಾರದೋ ಕಾಲಾಗಿನ ನೆಲ ಕರಗಸ್ತದ.
ಅವರು ಭಾಳ ಹೊತ್ತು ನನ್ನ ಮಾರಿ ನೋಡಿದ್ರು.
“ಕರಡಿಗೆ ಸೆಕಿ ಆಗ್ತದಂತ
ನಾ ಬೇಯಬೇಕೇನು?”
ಆ ಮಾತಿಗೆ ನನ್ನ ಬಲ್ಲಿ ಉತ್ತರ ಇರಲಿಲ್ಲ.
ತಾಟಿನ್ಯಾಗ ಇನ್ನೊಂದು ರೊಟ್ಟಿ ಇಟ್ಟೆ.

ಕೆಳಗಿನ ಮನಿ ಜುಲೇಖಾಬಿ ಅಂದ್ಲು:
“ಛತ್ತಿಗೆ ಚೂನಾ ಬಳಿ ಬೇಟಿ.
ನಮ್ಮತ್ತಿ ಇದ್ದಾಗ ಹೋಳಿ ಮುಗದ್ರ ಸಾಕು,
ಮಾಳಿಗಿ ಮ್ಯಾಲ ಹಾಲು ಚೆಲ್ಲಿದಂಗ ಇರ್ತಿತ್ತು.
ಆಮ್ಯಾಲ ಕೂಲರ್ ಬಂದ್ವು,
ಸುಣ್ಣ ಎಲ್ಲಾರೂ ಮರತ್ರು.”

ಹಳೇ ಬ್ಯಾರಲ್ಲಿನ್ಯಾಗ ಸುಣ್ಣದ ಹರಳು ಹಾಕಿ
ನೀರು ಹೊಯ್ದೆ. ಕೊತ ಕೊತ ಕುದೀತು,
ಒಲಿ ಇಲ್ಲದ ಅಡಗಿ.
ಸುಣ್ಣ ಸುಡೂ ಭಟ್ಟಿನೂ ಹೊಗಿ ಬಿಡ್ತದ, ನನಗ ಗೊತ್ತು.
ಕತ್ತರಿ ಆಡಿಸಿದ ಮ್ಯಾಲ
ಚಿಂದಿ ಉಳದೇ ಉಳೀತದ.
ಕಡಿಮಿ ಚಿಂದಿ ಬೀಳೂವಂಗ ಕತ್ತರಿಸಬೇಕು,
ಮೂವತ್ತು ವರ್ಷ ಕಸುಬು ಕಲಿಸಿದ್ದು ಅಷ್ಟೇ.

ಹೊತ್ತು ಮುಣುಗಿದ ಮ್ಯಾಲ
ಮೊಂಡ ಕಸಬರಿಗಿ ಹಿಡದು ಮ್ಯಾಲ ಹತ್ತಿದೆ.
ಕಾದ ಛತ್ತು ಮೊದಲ ಬಕೀಟು ಕುಡದು
ಇನ್ನೂ ಬೇಕು ಅಂತು.
ಎರಡನೇ ಬಕೀಟು ತಂದವರು ಅವರು.
ಏನೂ ಮಾತಾಡಲಿಲ್ಲ. ಲುಂಗಿ ಮ್ಯಾಲಕ್ಕೆತ್ತಿ ಕಟ್ಟಿ
ಮೂಲಿ ಮೂಲಿ ಅವರೇ ಬಳದ್ರು.
ಮಿಲ್ಲಿನ ಧೂಳು, ಸುಣ್ಣದ ಹನಿ,
ಬೆಳದಿಂಗಳಾಗ ಅವರ ಬೆನ್ನು ಅಗಲಾಗಿ ಬೆಳ್ಳಗ
ಅತ್ತಿಂದಿತ್ತ ಹೊಂಟಿತ್ತು.
ನನಗ ನಗು ಬಂತು.
ಯಾಕಂತ ಅವರೂ ಕೇಳಲಿಲ್ಲ.

ಮರುದಿನ ಮಧ್ಯಾಹ್ನ
ಬಿಸಲು ನಮ್ಮ ಛತ್ತಿನ ಮ್ಯಾಲ ಬಂದು
ಕುಂದ್ರಾಕ ಜಾಗ ಸಿಗದೇ ತಿರುಗಿ ಹೋತು.
ಒಳಗ ಸೆಕಿ ಪೂರಾ ಹೋಗಲಿಲ್ಲ, ಸುಳ್ಳ್ಯಾಕ ಹೇಳಲಿ.
ಖರೇ, ಫ್ಯಾನಿನ ಗಾಳಿ ಈಗ ಗಾಳಿ ಆಗ್ಯದ,
ಮೊದಲು ಒಲಿ ಉಸಿರಿತ್ತು.
ಮಳಿಗೆ ಅರ್ಧ ತೊಳದು ಹೋಗ್ತದ.
ಹೋಗಲಿ, ಬರೂ ವರ್ಷ ಮತ್ತ ಬಳದ್ರಾಯ್ತು.
ನಿನ್ನಿ ರೊಟ್ಟಿ ಬಡದೀನಿ ಅಂತ
ಇವತ್ತು ಬಿಡ್ತೀನೇನು?

ಅಂಗಡಿ ಹುಡುಗ ಎರಡು ಸಲ ಫೋನ್ ಮಾಡಿದ.
ಡಬ್ಬಿ ಮ್ಯಾಲಿನ ಕರಡಿ
ಇನ್ನೂ ನಗತದೇನು ಅಂತ ಕೇಳಬೇಕಂದೆ,
ಕೇಳಲಿಲ್ಲ.

ಒಂದು ಮಾತು ಮರತೆ.
ಸುಣ್ಣ ಬಳದ ಮುಂಜಾನಿ, ಶಹಾಬಾದ ಕಲ್ಲಿನ ಪಾವಟಿಗಿ ಮ್ಯಾಲ
ಬೆಳ್ಳನ ಹೆಜ್ಜಿ ಇದ್ವು: ನನ್ನವು, ಅವರವು,
ನಡುವ ನಾಕು ಬೆರಳಿನ ದುಂಡನ್ನ ಹೆಜ್ಜಿ.
ಓಣಿ ನಾಯಿದು ಇರಬೇಕು.
ಬೇವಿನ ಕಡ್ಡಿ ಬಾಯಾಗಿಟ್ಟುಕೊಂಡೇ ಅವರಂದ್ರು:
“ನಿನ್ನ ಕರಡಿ ಬಂದು ಹೋಗ್ಯದ ನೋಡು.”

ಆ ಒಂದು ಪಾವಟಿಗಿ ನಾ ಇನ್ನೂ ತೊಳದಿಲ್ಲ.
ಜುಲೇಖಾಬಿ ದಿನಾ ಬೈತಾಳ.