ಹಗ್ಗದ ಈ ತುದಿ

ಪುಷ್ಯದ ನಸುಕು. ಮುನಿರಾಬಾದಿನ ಒಡ್ಡಿನ ಮೇಲೆ
ಇನ್ನೂ ಆರು ಹೊಡೆದಿಲ್ಲ.
ಅಂಬಣ್ಣ ಮಾಮ ಕೆಳಗಿಳಿದಿದ್ದಾನೆ,
ಗೇಟಿನ ರಬ್ಬರು ಎಲ್ಲಿ ಹರಿದಿದೆಯೆಂದು
ಅಂಗೈಯಲ್ಲಿ ಓದಿ ಬರಲು.
ಹಗ್ಗದ ಈ ತುದಿ ನನ್ನ ಸೊಂಟಕ್ಕೆ.

ಒಂದು ಜಗ್ಗಿದರೆ: ಅರಾಮ ಅದೀನಿ.
ಎರಡು: ಹಗ್ಗ ಬಿಡು.
ಮೂರು: ಎಳಿ.
ನಾಲ್ಕಕ್ಕೆ ಏನನ್ನೂ ಹೇಳಿಕೊಟ್ಟಿಲ್ಲ.
ಕೇಳಿದ್ದೆ. ಮೂರಕ್ಕ ಬರಲಿಲ್ಲಂದ್ರ
ನಾಕರ ಲೆಕ್ಕ ನಿನಗ್ಯಾಕವ್ವ, ಅಂದ.

ಇದನ್ನೆಲ್ಲ ಅವನು ಕಲಿತದ್ದು ಇಲ್ಲಲ್ಲ.
ಮಿಲಿಟ್ರಿಯಲ್ಲಿದ್ದಾಗ, ಲಡಾಖಿನ ಯಾವುದೋ ಕೆರೆಯಲ್ಲಿ,
ನೀರನ್ನು ಗರಗಸದಿಂದ ಕೊಯ್ದು
ಮೂರು ಮೂಲೆಯ ಬಾಗಿಲು ಮಾಡಿ ಇಳಿಯುತ್ತಿದ್ದರಂತೆ.
ನೀರ ಕೊಯ್ತಾರಂತ! ಅವ್ವ ನಕ್ಕು ನಕ್ಕು
ಹೆಂಚಿನ ಮೇಲಿನ ರೊಟ್ಟಿ ಸೀಯಿಸಿದ್ದಳು ಅವತ್ತು.
ಅವಳು ಕಂಡ ಬರ್ಫ ಹೊಸಪೇಟೆಯ ಲಾರಿಯದು,
ಹೊಟ್ಟು ಮೆತ್ತಿಕೊಂಡು ಬರುವಂಥದ್ದು,
ಮೀನಿನ ಪೆಟ್ಟಿಗೆಯಲ್ಲಿ ಕೂತು
ಮಧ್ಯಾಹ್ನದೊಳಗೆ ತನ್ನಷ್ಟಕ್ಕೆ ಇಲ್ಲವಾಗುವಂಥದ್ದು.
ಅದು ಮನುಷ್ಯನೊಬ್ಬನನ್ನು ಒಳಗಿಟ್ಟು ಮುಚ್ಚೀತೆಂದು
ಹೇಗೆ ನಂಬಿಯಾಳು?

ಮಾಮ ಎದ್ದು, ಬೇಳೆ ಕುದಿಯುತ್ತಿದ್ದ ಬೋಗುಣಿಯ
ಮುಚ್ಚಳ ತೆಗೆದು ತಿರುವಿ ತೋರಿಸಿದ.
ನೋಡಕ್ಕ, ಹಿಂಗ. ನಾ ಬಿಟ್ಟ ಉಸಿರು ಮ್ಯಾಲೇರಿ
ಹಿಂಗ ಹತ್ತಿಕೊಂಡು ಕುಂದರತಿತ್ತು, ಹನಿ ಹನಿ, ಬೆಳ್ಳಗ.
ಅದೂ ಬಾಗಲಾ ಹುಡುಕತಿತ್ತು.

ಚಳಿಯ ಬಗ್ಗೆ ಏನೂ ಹೇಳಲಿಲ್ಲ.
ಮೇಲೆ ಗೆಳೆಯರು ಓಡಾಡಿದರೆ
ಬೂಟಿನ ತಳ ಕಾಣುತ್ತಿತ್ತಂತೆ, ಬರೀ ತಳ.
ಒಮ್ಮೆ ವಿಪರೀತ ನಗು ಬಂತಂತೆ.
ಬಾಯಲ್ಲಿ ನಳಿಗೆ, ನಗುವಂತಿಲ್ಲ.

ಇಲ್ಲಿ ಬರ್ಫವಿಲ್ಲ. ಪಾಚಿ ಇದೆ,
ಗೋಡೆಗೆ ಬಳಿದು ಉಳಿದ ಬಣ್ಣದ ಡಬ್ಬಿಯ ಕೆನೆಯ ಹಾಗೆ.
ಅವನಿಳಿದ ಜಾಗ ಆಗಲೇ ಕೂಡಿಕೊಂಡು
ಇಲ್ಲಿ ಯಾರೂ ಇಳಿದೇ ಇಲ್ಲ ಎಂಬ ಮುಖ ಮಾಡಿದೆ.
ಗುಳ್ಳೆಗಳು ಅದರಡಿಗೆ ಬಂದು
ಕೊಂಚ ಉಬ್ಬಿ, ಯೋಚಿಸಿ, ಒಡೆಯುತ್ತವೆ.
ವಾಚಮನ್ ಖಾದರಸಾಬ ಚಹಾ ಹಿಡಿದು ಬಂದು ಏನೋ ಕೇಳಿದ.
ಉತ್ತರಿಸಿದರೆ ಎಣಿಕೆ ತಪ್ಪುತ್ತದೆ.

ಗುಳ್ಳೆ ನಿಂತವು.

ಒಂದು ಜಗ್ಗಿದೆ. ಹಗ್ಗ ಸುಮ್ಮನಿತ್ತು.
ಅದರ ಥಂಡಿ ಮಾತ್ರ ಅಂಗೈಯಿಂದ
ಮೊಣಕೈವರೆಗೆ ಹತ್ತಿ ಬಂತು.
ಇನ್ನೊಂದು ಜಗ್ಗಲೋ ಬೇಡವೋ,
ಎರಡಾದರೆ ಅದರ ಅರ್ಥವೇ ಬೇರೆ.
ಖಾದರಸಾಬನ ಚಹಾ ಹೊಗೆಯಾಡುವುದು ನಿಂತಿತು.

ಆಮೇಲೆ ಬಂತು.
ಒಂದು. ಎರಡು. ಮೂರು.
ಸ್ವಲ್ಪ ತಡೆದು, ನಾಲ್ಕು.

ಇಬ್ಬರೂ ಸೇರಿ ಎಳೆದೆವು.
ಗಡ್ಡಕ್ಕೆ ಪಾಚಿ, ತುಟಿ ನೇರಳೆ ಹಣ್ಣು,
ಮಾತು ಬರದೆ ಬೆರಳಲ್ಲೇ ತೋರಿಸಿದ:
ಹರಿದದ್ದು ಒಂದು ಗೇಣು, ಮೇಲೆರಡು ಬೆರಳು.
ಆರಿದ ಚಹಾವನ್ನೇ ಎರಡು ಕೈಯಲ್ಲಿ ಹಿಡಿದು ಕುಡಿದ.

ಗುಳ್ಳೆ ಯಾಕ ನಿಂತಿದ್ವು ಮಾಮ?
ನಿಂತಿಲ್ಲವ್ವ. ಗೇಟಿನ ತೊಲಿ ಕೆಳಗ
ಹತ್ತಿಕೊಂಡು ಕುಂತಾವ. ಇನ್ನೂ ಅಲ್ಲೇ ಅದಾವ.

ನಾಲ್ಕನೆಯದರ ಬಗ್ಗೆ ಅವನು ಹೇಳಲಿಲ್ಲ.
ಒದ್ದೆ ಹಗ್ಗ ಸುತ್ತಿಡುತ್ತ
ನಾನೂ ಕೇಳಲಿಲ್ಲ.