ಫುಟ್‌ಬೋರ್ಡಿನಿಂದ ಕಂಡ ಮೂರು ಶಾಲೆ

ಐದರವರೆಗೆ ಮಾತ್ರ ನಮ್ಮ ಪಕ್ಕದ ಶಾಲೆ.
ಜೂನಿಗೆ ಪ್ರಣಮ್ಯ ಆರಕ್ಕೆ.
ಎಲ್ಲಿಗೆ ಹಾಕುವುದು ಎಂದು ಮನೆಯವಳು ಕೇಳಿದಾಗ
ಚರ್ಮದ ಚೀಲದ ಚಿಲ್ಲರೆ ಸುರಿದು ಎಣಿಸುತ್ತಿದ್ದೆ,
ಎಣಿಕೆ ತಪ್ಪಿತು.

ಸರ್ಕಾರಿಯೇ ಆಗಬೇಕು, ಅದರಲ್ಲಿ ಮಾತಿಲ್ಲ.
ಫೀಸಿನ ಶಾಲೆಯ ಹಳದಿ ವ್ಯಾನು
ನಮ್ಮ ಬಸ್ಸನ್ನು ಓವರ್‌ಟೇಕ್ ಮಾಡುತ್ತದೆ ದಿನಾಲೂ,
ಮಾಡಲಿ.

ನನ್ನ ರೂಟಿನಲ್ಲಿ ಮೂರು ಉಂಟು.
ನೇತ್ರಾವತಿ ಸೇತುವೆಗೆ ಮೊದಲು ಒಂದು,
ದಾಟಿದ ಮೇಲೆ ಎರಡು.
ಯಾವುದರ ಒಳಗೂ ಹೋದವನಲ್ಲ.
ಹನ್ನೊಂದು ವರ್ಷ ಬಾಗಿಲಲ್ಲಿ ನೇತಾಡುತ್ತ
ಹತ್ತುವ ಇಳಿಯುವ ಮಕ್ಕಳನ್ನು ಕಂಡವನು.
ಅನ್ನಕ್ಕೆ ಒಂದಗುಳು ನೋಡಿದರೆ ಸಾಕು ಎನ್ನುತ್ತಾರಲ್ಲ,
ನನಗೆ ದಿನಕ್ಕೆ ಎಪ್ಪತ್ತು ಅಗುಳು.

ಮೊದಲನೆಯದಕ್ಕೆ ಹೊಸ ಕಟ್ಟಡ, ಯಾವುದೋ ಕಂಪೆನಿಯ ದಾನ,
ಕಂಪೆನಿಯ ಹೆಸರು ಶಾಲೆಯ ಹೆಸರಿಗಿಂತ ದಪ್ಪ.
ಇಂಗ್ಲಿಷ್ ಮೀಡಿಯಂ ಕೂಡ ಸುರುವಾಗಿದೆಯಂತೆ.
ಅಲ್ಲಿಯ ಮಕ್ಕಳು ಸಾಲಾಗಿ ಹತ್ತುತ್ತಾರೆ,
ಸರಿಯಾದ ಚಿಲ್ಲರೆ ಹಿಡಿದು,
ಟಿಕೆಟ್ ಕೊಟ್ಟರೆ ಥ್ಯಾಂಕ್ಯೂ ಸರ್.
ನನ್ನನ್ನು ಸರ್ ಎಂದವರು ಅವರೇ ಮೊದಲು.
ಅದೊಂದಕ್ಕೇ ಅಲ್ಲಿಗೆ ಹಾಕಿಬಿಡೋಣ ಎನಿಸಿತ್ತು, ಒಂದು ವಾರ.

ಎರಡನೆಯದರಲ್ಲಿ ಕಬಡ್ಡಿ.
ಮಂಡಿಯಲ್ಲಿ ಕೆಂಪು ಮಣ್ಣು, ಮೊಣಕೈಗೆ ಬ್ಯಾಂಡೇಜು,
ಗೆದ್ದ ದಿನ ಕಪ್ಪಿಗೂ ಒಂದು ಸೀಟು.
‘ದುಂಬು ಪೋಲೆ, ದುಂಬು ಪೋಲೆ’ ಎಂದು ನನಗಿಂತ ಮೊದಲು
ಅವರೇ ಕೂಗಿ ಬಸ್ಸು ತುಂಬಿಸುತ್ತಾರೆ.
ಗಣಿತಕ್ಕೆ ಮಾಸ್ಟ್ರಿಲ್ಲ, ಎರಡು ವರ್ಷದಿಂದ.
ಅದನ್ನೂ ಕೂಗಿಯೇ ಹೇಳಿದರು, ರಜೆ ಸಿಕ್ಕ ಸಂತೋಷದಲ್ಲಿ.

ಮೂರನೆಯದರಲ್ಲಿ
ಹಂಚು ಜಾರಿದ ಕಡೆ ನೀಲಿ ಟಾರ್ಪಾಲು,
ಎಲ್ಲ ತರಗತಿ ಸೇರಿ ನಲವತ್ತಾರು ಮಕ್ಕಳು.
ಮುಚ್ಚುತ್ತಾರೆಂಬ ಸುದ್ದಿ ಪ್ರತಿ ಮಾರ್ಚಿಗೆ ಬರುತ್ತದೆ,
ಹಲಸಿನ ಹಾಗೆ.
ಅಲ್ಲಿಯ ಮುಫೀದ, ಏಳನೆಯವಳು,
ತೊಕ್ಕೊಟ್ಟಿನಲ್ಲಿ ಡ್ರೈವರ್ ಬ್ರೇಕ್ ತುಳಿದು
ನಾನು ಮುಗ್ಗರಿಸಿ ಕಂಬ ತಬ್ಬಿದ್ದು ನೋಡಿ ಕೇಳಿದಳು:
‘ಕಂಡಕ್ಟ್ರೇ, ಬಸ್ಸು ನಿಂತರೆ ನೀವು ಯಾಕೆ ನಿಲ್ಲುದಿಲ್ಲ?’

ದಿನಕ್ಕೆ ಇನ್ನೂರು ಸಲ ಮುಗ್ಗರಿಸುವವನು.
ಒಮ್ಮೆಯೂ ಕೇಳಿಕೊಂಡಿರಲಿಲ್ಲ,
ಡ್ರೈವರನಿಗೆ ಬೈದದ್ದು ಮಾತ್ರ.
ಜಡತ್ವ, ಎಂದಳು. ಕಾಲು ಬಸ್ಸಿನೊಟ್ಟಿಗೆ ನಿಲ್ತದೆ,
ಮೈಗೆ ಗೊತ್ತಾಗುದಿಲ್ಲ, ಅದು ಹೋಗ್ತಾ ಇರ್ತದೆ.
ಹಿಲ್ಡಾ ಟೀಚರ್ ಕೈಗಾಡಿಯ ಮೇಲೆ ಮಕ್ಕಳನ್ನು ನಿಲ್ಲಿಸಿ
ಒಬ್ಬೊಬ್ಬರನ್ನೇ ಬೀಳಿಸಿ ತೋರಿಸಿದರಂತೆ.
ಆ ಸಂಜೆಯಿಡೀ ಟಿಕೆಟ್ ಹರಿಯುವಾಗ
ಆ ಪದ ಬಾಯಲ್ಲಿ ಪೆಪ್ಪರ್‌ಮಿಂಟಿನಂತೆ ಕರಗದೆ ಇತ್ತು.

ತೀರ್ಮಾನವಾಯಿತು ಎಂದುಕೊಂಡೆ.
ಆಮೇಲೆ ತಿಳಿಯಿತು, ಹಿಲ್ಡಾ ಟೀಚರ್ ಅತಿಥಿ ಶಿಕ್ಷಕಿ.
ಜೂನಿಗೆ ಕರೆಯುತ್ತಾರೋ ಇಲ್ಲವೋ ಅವರಿಗೇ ಗೊತ್ತಿಲ್ಲ.
ಅವರದ್ದೂ ನನ್ನ ಬಸ್ಸೇ.
ಎರಡು ತಿಂಗಳ ಸಂಬಳ ಬಾಕಿಯಂತೆ,
ಟಿಕೆಟ್ ಮಾತ್ರ ಕೇಳುವ ಮೊದಲೇ ತೆಗೆಯುತ್ತಾರೆ.

ಮೂರನ್ನೂ ಮನಸ್ಸಿಗೆ ಹತ್ತಿಸಿ ಇಳಿಸಿ ಸಾಕಾಗಿದ್ದಾಗ
ಒಂದು ಶನಿವಾರ ಮಧ್ಯಾಹ್ನ ಪ್ರಣಮ್ಯ ತಾನೇ ಬಸ್ಸು ಹತ್ತಿ
ಹುಡುಗಿಯರ ನಡುವೆ ಜಾಗ ಮಾಡಿಕೊಂಡು
ಪಿಸುಪಿಸು ವಿಚಾರಿಸಿದಳು.
ಕಟ್ಟಡ ಕೇಳಲಿಲ್ಲ. ಕಪ್ಪು ಕೇಳಲಿಲ್ಲ.
ಟಾಯ್ಲೆಟಿನ ಬಾಗಿಲಿಗೆ ಚಿಲಕ ಉಂಟಾ?

ಮೊದಲನೆಯದಕ್ಕೆ ಉಂಟು, ಬೀಗವೂ ಉಂಟು,
ಕೀ ಆಫೀಸಿನಲ್ಲಿ.
ಎರಡನೆಯದಕ್ಕೆ ಉಂಟು, ನೀರಿಲ್ಲ.
ಮೂರನೆಯದಕ್ಕೆ ಇಲ್ಲ. ಒಬ್ಬಳು ಒಳಗೆ ಹೋದರೆ
ಹೊರಗೆ ಮುಫೀದ ಬಾಗಿಲು ಹಿಡಿದು ನಿಲ್ಲುತ್ತಾಳೆ,
ಯಾರೂ ಹತ್ತಿರ ಬರದ ಹಾಗೆ
ಹದಿನೇಳರ ಮಗ್ಗಿ ಗಟ್ಟಿಯಾಗಿ ಹೇಳುತ್ತ.

‘ಅಲ್ಲಿಗೇ’ ಎಂದಳು ಮಗಳು.

ಟ್ರಿಪ್ಪು ಮುಗಿಸಿ ಬಂದರಿನ ಹಾರ್ಡ್‌ವೇರ್ ಅಂಗಡಿಗೆ ಹೋದೆ.
ಚಿಲಕಕ್ಕೆ ಅರವತ್ತೈದು ರೂಪಾಯಿ.
ಸ್ಕ್ರೂ ಬೇರೆ.