ಕೊನೆಯ ಅಂಕಿ

ನಮೂನೆಯ ಹದಿನಾಲ್ಕನೆಯ ಕಲಮು: ಕೊನೆಯ ಅಂಕಿ.
ನೂರರಿಂದ ಹಿಂದಕ್ಕೆ ಎಣಿಸಿರಿ ಅನ್ನುತ್ತೇನೆ,
ಹಾಲುಬಿಳಿ ಔಷಧ ಮುಂಗೈ ನರಕ್ಕೆ ಇಳಿಯುತ್ತದೆ,
ತೊಂಬತ್ತಾರು, ತೊಂಬತ್ತೈದು,
ನಾಲಿಗೆ ತೊಡರುತ್ತದೆ.
ರೆಪ್ಪೆಗೂದಲು ಸವರಿ ನೋಡುತ್ತೇನೆ. ಮಿಟುಕುವುದಿಲ್ಲ.
ಗಡಿಯಾರ ನೋಡಿ ಬರೆದುಕೊಳ್ಳುತ್ತಾಳೆ ನಿವೇದಿತಾ ಹೊಂಬಳ,
ಎರಡನೇ ವರ್ಷದ ಪಿ.ಜಿ., ಅವಳದೇ ಪ್ರಬಂಧ.

ನೂರಿಪ್ಪತ್ತು ಜನ, ಎರಡು ಗುಂಪು, ಒಂದೇ ಪ್ರಶ್ನೆ:
ಎಷ್ಟು ಔಷಧಕ್ಕೆ ಎಷ್ಟು ಹೊತ್ತು.
ಹೋದವರು ಎಲ್ಲಿಗೆ ಹೋದರು ಎಂದು ನಾವು ಕೇಳಿಲ್ಲ,
ಅದಕ್ಕೆ ಅಳತೆಗೋಲಿಲ್ಲ.

ಹುಬ್ಬಳ್ಳಿಯ ಜನ ಎಣಿಸುವುದನ್ನು ಕೇಳಬೇಕು.
ರೈಲ್ವೆ ವರ್ಕ್‌ಶಾಪಿನ ನಿವೃತ್ತ ಫಿಟ್ಟರು ಹಾಜರಿ ಕೂಗಿದ ಹಾಗೆ.
ಅಮರಗೋಳ ಮಾರ್ಕೆಟ್ಟಿನ ಹಮಾಲ ಒಂದಕ್ಕೆ ಲಾಭ ಅನ್ನುವವ,
ಹಿಂದಕ್ಕ ಎಣಿಸಿದ್ರ ಲುಕ್ಸಾನರಿ ಬಾಯಾರ, ಅಂದ,
ಮುಂದಕ್ಕೇ ಎಣಿಸಿದ, ಲಾಭದಿಂದ ಹನ್ನೊಂದರವರೆಗೆ.

ನಲವತ್ತೇಳನೆಯವರು ಇಮಾಂಬಿ ನದಾಫ, ಬೆಟಗೇರಿ.
ಪಿತ್ತಕೋಶದಲ್ಲಿ ಕಲ್ಲು, ತೂಕ ನಲವತ್ತೊಂದು ಕಿಲೋ,
ಪ್ಯಾಸೆಂಜರ್ ಗಾಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಪೇರಲ ಮಾರುವವರು.
ಒಪ್ಪಿಗೆ ಪತ್ರ ಓದಿ ಹೇಳಿದೆವು, ಹೆಬ್ಬೆಟ್ಟು ಒತ್ತಿದರು,
ನೀಲಿ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡರು.
"ಹಿಂದಮುಂದ ಅಂಕಿ ನನಗ ಬರಂಗಿಲ್ಲ. ಟೇಶನ್ ಹೇಳ್ಲೇನು?"
ನಿಯಮಾವಳಿಯಲ್ಲಿ ಟೇಶನ್ ಇರಲಿಲ್ಲ.
ಹೇಳ್ರಿ, ಅಂದೆ.

ಹುಬ್ಬಳ್ಳಿ. ಕುಸುಗಲ್ಲ. ಹೆಬಸೂರ.
ಶಿಶ್ವಿನಹಳ್ಳಿ, ಇಲ್ಲೆ ಯಾರೂ ಹಣ್ಣ ತೊಗೊಳಂಗಿಲ್ಲ.
ಅಣ್ಣಿಗೇರಿ.
ಹುಲಕೋ

ಒಂದು ತಾಸು ಹತ್ತು ನಿಮಿಷ
ಅವರ ಉಸಿರು ಯಂತ್ರದ ಕೈಯಲ್ಲಿ, ಯಂತ್ರ ನನ್ನ ಕಣ್ಣಲ್ಲಿ.
ಡಬ್ಬಿಯೊಳಗಿನ ಸುಣ್ಣದ ಹರಳು ಬಿಳಿಯಿಂದ ನೇರಳೆಗೆ ತಿರುಗುತ್ತ
ಬಿಟ್ಟ ಉಸಿರಿನ ಲೆಕ್ಕ ಇಟ್ಟವು.
ಇದು ನಿದ್ದೆಯಲ್ಲ. ನಿದ್ದೆ ಬರುತ್ತದೆ ಅಂತಲೇ ಹೇಳುತ್ತೇವೆ,
ಇಪ್ಪತ್ತೆರಡು ವರ್ಷ ಹೇಳಿದ್ದೇನೆ,
ಐಸಿಯುವಿನ ಏಳನೇ ಹಾಸಿಗೆ ದಾಟಿ ಬಂದ ದಿನ ಮಾತ್ರ
ಗಂಟಲು ಸರಿಮಾಡಿಕೊಂಡು ಹೇಳುತ್ತೇನೆ.

ಹನ್ನೆರಡನೆಯವ ಅಲ್ಲಿದ್ದ, ಗುಡಗೇರಿಯ ಹುಡುಗ.
ಎಂಬತ್ತೊಂಬತ್ತರ ತನಕ ಎಣಿಸಿದ್ದ, ಗಟ್ಟಿ ಹುಡುಗ.
ಒಂಬತ್ತು ದಿನ ವೆಂಟಿಲೇಟರು.
ಒಡೆದ ಕರುಳಿನ ನಂಜು, ನಮ್ಮ ಔಷಧದ್ದಲ್ಲ;
ವಿಚಾರಣೆ ಆಯಿತು, ಕಾಗದವಿದೆ.
ಎಂಬತ್ತೆಂಟು ಎಂಬ ಅಂಕಿಯನ್ನು ಆಮೇಲೆ ನಾನು
ಕಿರಾಣಿ ಅಂಗಡಿಯ ಚಿಲ್ಲರೆಯಲ್ಲೂ ಬಾಯಿಬಿಟ್ಟು ಅಂದಿಲ್ಲ.

ಕೊಳವೆ ತೆಗೆದೆ. ಇಮಾಂಬಿ ಕೆಮ್ಮಿದರು,
ಕಣ್ಣು ತೆರೆಯದೆ ಅಂದರು: ಅಣ್ಣಿಗೇರಿ.
ತುಸು ತಡೆದು, ಶಿಶ್ವಿನಹಳ್ಳಿ.
ನಿವೇದಿತಾ ನನ್ನ ಮುಖ ನೋಡಿದಳು.
ಗಾಡಿ ಹೊಳ್ಳಿತ್ತು.

ಸಂಜೆ ವಾರ್ಡಿನಲ್ಲಿ ಕೇಳಿದೆ, ಗದಗ ಯಾವಾಗ ಬಂತ್ರಿ?
"ಬಂದಿರಬೇಕಲ್ಲರಿ. ಗದಗ ಮುಟ್ಟಲಾರದ
ಗಾಡಿ ಹೆಂಗ ಹೊಳ್ಳಿ ಬರತೈತಿ?"
ನೋಡಿದ ನೆನಪಿಲ್ಲವಂತೆ.
ಬುಟ್ಟಿ ಅರ್ಧವೂ ಖಾಲಿಯಾಗಿರಲಿಲ್ಲ ಅನ್ನುವುದಷ್ಟೇ ನೆನಪು,
ಅದರದೇ ಬೇಜಾರು.

ಧಾರವಾಡದಿಂದ ಸಂಖ್ಯಾಶಾಸ್ತ್ರದ ಪಡೆಸೂರ ಸರ್ ಫೋನು:
ನಲವತ್ತೇಳರ ಮುಂದೆ ಅಂಕಿಯಿಲ್ಲ, ಕೈಬಿಡಲೇನು?
ಹನ್ನೆರಡರ ಮುಂದೆ ಅಂಕಿಯಿದೆ, ಹುಡುಗನಿಲ್ಲ,
ಅದನ್ನು ಇಟ್ಟುಕೊಳ್ಳಬಹುದಂತೆ.

ಒಂದು ನಿಮಿಷ ಸರ್, ಅಂದೆ.
ಹದಿನಾಲ್ಕನೆಯ ಕಲಮಿನಲ್ಲಿ ಪೆನ್ಸಿಲಿನಿಂದ
ಹುಲಕೋ
ಎಂದು ಬರೆದೆ.
ರಬ್ಬರು ಮೇಜಿನ ಮೇಲೆಯೇ ಇದೆ.